ಪ್ಲೇಟ್‌ಲೆಟ್ ಮಾತ್ರ ಫ್ರಿಡ್ಜಲ್ಲಿ ಯಾಕಿಡಲ್ಲ? ಎಕ್ಸ್‌ಪೈರಿ ಹತ್ರ ಬಂದಿರೋ ಬ್ಯಾಗ್ ಹಾಕಿದ್ರೆ ಕೌಂಟ್ ಏರಲ್ವಾ?

ಮಳೆಬಿಲ್ಲು
ಎಲ್ರಿಗೂ ನಮಸ್ಕಾರ. ನನ್ನ ತಮ್ಮನಿಗೆ ಲುಕೇಮಿಯಾ (ರಕ್ತದ ಕ್ಯಾನ್ಸರ್), ಕೀಮೋ ನಡೀತಿದೆ, ಹಾಗಾಗಿ ಪ್ಲೇಟ್‌ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಸಣ್ಣ ಕಣ, ಆಗಾಗ ಹಾಕಿಸ್ಬೇಕಾಗುತ್ತೆ. ನಂಗೆ ಎರಡು ಡೌಟು. ರಕ್ತದ ಬ್ಯಾಗ್ ಫ್ರಿಡ್ಜಿಂದ ಬರುತ್ತೆ, ಪ್ಲಾಸ್ಮಾ ಫ್ರೀಜರಲ್ಲಿ ಕಲ್ಲಾಗಿರುತ್ತೆ, ಪ್ಲೇಟ್‌ಲೆಟ್ ಮಾತ್ರ ಹೊರಗಡೆ ಅಲ್ಲಾಡೋ ಮೆಷಿನ್ ಮೇಲೆ ಇಟ್ಟಿರ್ತಾರೆ, ಅದು ಕೆಡಲ್ವಾ? ಎರಡನೇದು, ಹೋದ ಸಲ ಹಾಕಿದ ಬ್ಯಾಗಿನ ಎಕ್ಸ್‌ಪೈರಿ ಮಾರನೇ ದಿನಕ್ಕೇ ಇತ್ತು, ಕೌಂಟ್ ಅಷ್ಟಾಗಿ ಏರ್ಲೇ ಇಲ್ಲ. ಹಳೇದನ್ನ ತಂದು ಹಾಕಿದ್ರು ಅಂತ ಮನೇಲಿ ಎಲ್ರಿಗೂ ಅನುಮಾನ. ಡ್ಯೂಟಿ ಡಾಕ್ಟ್ರನ್ನ ಕೇಳಿದ್ರೆ "ಒಂದೊಂದ್ಸಲ ಹಂಗಾಗುತ್ತೆ" ಅಂದ್ಬಿಟ್ಟು ಹೋದ್ರು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ರಾತ್ರಿಪಾಳಿ
ನಾನು ಬ್ಲಡ್ ಬ್ಯಾಂಕ್ ಟೆಕ್ನೀಷಿಯನ್ ಅಕ್ಕ, ಮೊದಲನೇ ಡೌಟಿಗೆ ನಾನು ಹೇಳ್ತೀನಿ. ಹೊರಗಿಟ್ರೂ ಕೆಡುತ್ತೆ, ಫ್ರಿಡ್ಜಲ್ಲಿಟ್ರೂ ಕೆಡುತ್ತೆ, ಆದ್ರೆ ಕೆಡೋ ರೀತಿ ಬೇರೆ ಬೇರೆ. ಹೊರಗೆ ಅಂದ್ರೆ ಸುಮ್ನೆ ಟೇಬಲ್ ಮೇಲಲ್ಲ, 20 ರಿಂದ 24 ಡಿಗ್ರಿ ಒಳಗೇ ಇರ್ಬೇಕು, ಅದಕ್ಕೇ ಅಂತ ಬೇರೆ ಇನ್‌ಕ್ಯುಬೇಟರ್ ಇರುತ್ತೆ, ಅದರೊಳಗೆ ಅಜಿಟೇಟರ್ ಅಂತ ತಟ್ಟೆ ತಟ್ಟೆ ಇರೋ ಮೆಷಿನ್, ನಿಮಿಷಕ್ಕೆ 60-70 ಸಲ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡ್ತಾನೇ ಇರುತ್ತೆ, ಹಗಲು ರಾತ್ರಿ. ಯಾಕಂದ್ರೆ ಪ್ಲೇಟ್‌ಲೆಟ್ ಬ್ಯಾಗಿನೊಳಗೂ ಜೀವಂತವಾಗೇ ಇರುತ್ತೆ, ಆಕ್ಸಿಜನ್ ತಗೊಳುತ್ತೆ, ಕಾರ್ಬನ್ ಡೈ ಆಕ್ಸೈಡ್ ಬಿಡುತ್ತೆ. ಬ್ಯಾಗಿನ ಪ್ಲಾಸ್ಟಿಕ್ಕೇ ಗಾಳಿ ಆಡೋ ಥರದ್ದು. ಅಲ್ಲಾಡಿಸದೆ ಬಿಟ್ರೆ ಎಲ್ಲಾ ತಳಕ್ಕೆ ಕೂತು ಮಧ್ಯದಲ್ಲಿರೋದಕ್ಕೆ ಆಕ್ಸಿಜನ್ ಸಿಗಲ್ಲ, ಆಗ ಅದು ಗ್ಲೂಕೋಸನ್ನ ಲ್ಯಾಕ್ಟಿಕ್ ಆಸಿಡ್ ಮಾಡ್ಕೊಂಡು ಬದುಕೋಕೆ ನೋಡುತ್ತೆ, ಪ್ಲಾಸ್ಮಾದಲ್ಲಿರೋ ಬೈಕಾರ್ಬೊನೇಟ್ ಸ್ವಲ್ಪ ಹೊತ್ತು ಆ ಹುಳಿ ತಡ್ಕೊಳುತ್ತೆ, ಅದು ಖಾಲಿಯಾದ್ಮೇಲೆ ಪಿಎಚ್ ಇಳಿಯುತ್ತೆ, 6.2ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಆ ಬ್ಯಾಗಿನ ಕಥೆ ಮುಗೀತು, ದೇಹದೊಳಗೆ ಹೋದ್ರೂ ಉಳಿಯಲ್ಲ.

ಅದಕ್ಕೇ ನಾವು ಬ್ಯಾಗ್ ಮೇಲೆ ಬ್ಯಾಗ್ ಪೇರಿಸಲ್ಲ, ಮೈತುಂಬ ಲೇಬಲ್ ಅಂಟಿಸಲ್ಲ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಡಲ್ಲ. ಹೊಸಬ್ರು ಬಂದಾಗ ನಾನು ಮೊದಲು ಹೇಳ್ಕೊಡೋದೇ ಇದು.

ಮಳೆಬಿಲ್ಲು
ಓ, ಗಾಳಿಗೋಸ್ಕರ ಅಲ್ಲಾಡ್ಸೋದಾ! ಹೆಪ್ಪುಗಟ್ಟದೇ ಇರ್ಲಿ ಅಂತ ಅಂದ್ಕೊಂಡಿದ್ದೆ.

ರಾತ್ರಿಪಾಳಿ
ಗಂಟು ಕಟ್ಟದೇ ಇರೋದೂ ಒಂದು ಲಾಭಾನೇ. ಆದ್ರೆ ಮುಖ್ಯವಾಗಿ ಗಾಳಿಗೇ.

ಇನ್ನೊಂದು ಹೇಳ್ತೀನಿ, ಬ್ಯಾಗ್ ಕೊಡೋ ಮುಂಚೆ ನಾವು ಅದನ್ನ ಟ್ಯೂಬ್‌ಲೈಟ್ ಕಡೆ ಹಿಡಿದು ಮೆಲ್ಲಗೆ ಓರೆ ಮಾಡಿ, ಬೆರಳಲ್ಲಿ ಹಗೂರಕ್ಕೆ ಒತ್ತಿ ನೋಡ್ತೀವಿ. ಚೆನ್ನಾಗಿರೋ ಪ್ಲೇಟ್‌ಲೆಟ್ ಆದ್ರೆ ಆ ಹಳದಿ ದ್ರವದೊಳಗೆ ರೇಷ್ಮೆ ಸೀರೆ ನೆರಿಗೆ ಮಿಂಚಿದ ಹಾಗೆ ಸುಳಿ ಸುಳಿಯಾಗಿ ಹೊಳೆಯುತ್ತೆ, ಸ್ವರ್ಲಿಂಗ್ ಅಂತೀವಿ ನಾವು. ಪ್ಲೇಟ್‌ಲೆಟ್ ಚಪ್ಪಟೆ ಬಿಲ್ಲೆ ಆಕಾರದಲ್ಲಿದ್ರೆ ಮಾತ್ರ ಬೆಳಕನ್ನ ಹಂಗೆ ತಿರುಗಿಸೋದು. ಪಿಎಚ್ ಬಿದ್ದೋಗಿದ್ರೆ, ಇಲ್ಲಾ ಯಾರಾದ್ರೂ ಫ್ರಿಡ್ಜಲ್ಲಿಟ್ಟು ತೆಗೆದಿದ್ರೆ ಅದು ಉಂಡೆ ಆಗಿರುತ್ತೆ, ಹೊಳಪು ಹೋಗಿ ಬರೀ ಮಬ್ಬು. ಮೆಷಿನ್ ಬೇಡ ಏನ್ ಬೇಡ, ಅರ್ಧ ನಿಮಿಷದ ಕೆಲಸ. ಹಾಗಂತ ಹೊಳಪಿದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲ ಅಂತ ಹೇಳೋಕಾಗಲ್ಲ ಮತ್ತೆ.

ಸಿಸ್ಟರ್_ಡೈರಿ
ಅಯ್ಯೋ ಈ ಫ್ರಿಡ್ಜ್ ವಿಷ್ಯ ಬಂತಲ್ಲ, ಹೇಳ್ದೇ ಇರೋಕಾಗ್ತಿಲ್ಲ. ನಾನು ಮುಂಚೆ ಇದ್ದ ಕಡೆ ಒಂದಿನ ಡ್ಯೂಟಿ ಬದಲಾಗೋ ಹೊತ್ತಿಗೆ ಪ್ಲೇಟ್‌ಲೆಟ್ ಬಂತು, ಪೇಷಂಟ್ ಸ್ಕ್ಯಾನಿಗೆ ಹೋಗಿದ್ರು, ಹೊಸ ಹುಡುಗಿ ಒಳ್ಳೇ ಮನಸ್ಸಿಂದಾನೇ "ಕೆಟ್ಟೋಗುತ್ತೆ" ಅಂತ ಇನ್ಸುಲಿನ್ ಇಡೋ ಫ್ರಿಡ್ಜಲ್ಲಿ ಇಟ್ಬಿಟ್ಟಿದ್ಲು. ಎರಡು ಗಂಟೆ ಆದ್ಮೇಲೆ ಗೊತ್ತಾಯ್ತು. ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದ್ರೆ ವಾಪಸ್ ಕಳ್ಸಿ, ಹಾಕ್ಬೇಡಿ ಅಂದ್ರು. ಆಮೇಲೆ ಬೇರೆ ಯುನಿಟ್ ಹೊಂದ್ಸೋಕೆ ಸಾಯಂಕಾಲ ಆಯ್ತು, ಅಷ್ಟೊತ್ತೂ ಪೇಷಂಟ್ ಕಡೆಯೋರು ಬಾಗಿಲಲ್ಲೇ ನಿಂತಿದ್ರು.

ಅದಕ್ಕೆ ಎಲ್ರಿಗೂ ಹೇಳೋದು, ವಾರ್ಡಿಗೆ ಬಂದ ಪ್ಲೇಟ್‌ಲೆಟ್ ಬಂದ ಹಾಗೇ ಹಾಕ್ಬೇಕು. ಫ್ರಿಡ್ಜೂ ಬೇಡ, ಬಿಸಿನೀರೂ ಬೇಡ. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೇಲಿ ಮುಗಿಯುತ್ತೆ, ಏನೇ ಆದ್ರೂ 4 ಗಂಟೆ ದಾಟಬಾರದು. ರಕ್ತ ಹಾಕಿದ ಹಳೇ ಟ್ಯೂಬ್ ಸೆಟ್ಟಲ್ಲೇ ಇದನ್ನೂ ಹಾಕ್ಬೇಡಿ, ಫಿಲ್ಟರಲ್ಲಿ ಸಿಕ್ಕೊಳುತ್ತೆ.

ತರಲೆತಮ್ಮ
ಎಲ್ಲಾ ಸರಿ, ಫ್ರಿಡ್ಜಲ್ಲಿಟ್ರೆ ಏನಾಗುತ್ತೆ ಅಂತ ಯಾರೂ ಹೇಳ್ಲಿಲ್ವಲ್ಲ. ಉಂಡೆ ಆದ್ರೆ ಆಗ್ಲಿ ಬಿಡಿ, ರಕ್ತ ನಿಲ್ಸುತ್ತಾ ಇಲ್ವಾ ಅಷ್ಟೇ ತಾನೇ.

ಪಿಜಿ_ಪರದಾಟ
ತಮ್ಮಾ, ನೀನು ತರಲೆಗೆ ಕೇಳಿದ್ರೂ ಇಡೀ ವಿಷಯದ ನಡುಗಂಬವನ್ನೇ ಹಿಡಿದಿದ್ದೀಯ. ನಾನು ಟ್ರಾನ್ಸ್‌ಫ್ಯೂಷನ್ ಮೆಡಿಸಿನ್‌ನಲ್ಲಿ ಪಿಜಿ ಮಾಡ್ತಿದೀನಿ, ಇದನ್ನ ಓದಿ ಓದಿ ತಲೆ ಕೆಟ್ಟಿದೆ, ಆದ್ರೆ ಕಥೆ ಮಜವಾಗಿದೆ.

1960ರ ದಶಕದಲ್ಲಿ ಪ್ಲೇಟ್‌ಲೆಟ್ಟನ್ನೂ ತಣ್ಣಗೇ ಇಡ್ತಿದ್ರು. 1969ರಲ್ಲಿ ಮರ್ಫಿ, ಗಾರ್ಡ್ನರ್ ಅಂತ ಇಬ್ರು ಎರಡನ್ನೂ ಹೋಲಿಸಿ ನೋಡಿದ್ರು. 22 ಡಿಗ್ರಿಲಿ ಇಟ್ಟಿದ್ದ ಪ್ಲೇಟ್‌ಲೆಟ್ ದೇಹಕ್ಕೆ ಹೋದ್ಮೇಲೆ ಅರ್ಧಕ್ಕಿಳಿಯೋಕೆ ಹತ್ತಿರ ಹತ್ತಿರ 4 ದಿನ ಬೇಕಾಯ್ತು, 4 ಡಿಗ್ರಿಲಿ ಇಟ್ಟಿದ್ದಕ್ಕೆ ಒಂದೂವರೆ ದಿನಾನೂ ಬೇಕಾಗ್ಲಿಲ್ಲ. ಅಲ್ಲಿಂದಾಚೆಗೆ ಮೆಲ್ಲಮೆಲ್ಲಗೆ ಎಲ್ಲರೂ ರೂಮ್ ಟೆಂಪರೇಚರಿಗೆ ಬಂದ್ರು.

ಯಾಕೆ ಹಿಂಗೆ ಅನ್ನೋದು ಗೊತ್ತಾಗೋಕೆ ಇನ್ನೂ 30 ವರ್ಷಕ್ಕಿಂತ ಜಾಸ್ತಿ ಹಿಡೀತು. 2003ರಲ್ಲಿ ಹಾಫ್‌ಮೈಸ್ಟರ್ ಮತ್ತೆ ಅವರ ಜೊತೆಯವರು ತೋರಿಸಿದ್ದು ಏನಂದ್ರೆ, ಚಳಿಗೆ ಪ್ಲೇಟ್‌ಲೆಟ್ ಮೈಮೇಲಿರೋ ಜಿಪಿ ಒನ್-ಬಿ ಅನ್ನೋ ರಿಸೆಪ್ಟರ್‌ಗಳು ಗುಂಪುಗುಂಪಾಗಿ ಸೇರ್ಕೊಳ್ತವೆ, ಅದರ ಸಕ್ಕರೆ ಸರಪಳಿಯ ತುದೀನ ಲಿವರಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ನುಂಗೋ ಜೀವಕೋಶ ಗುರುತು ಹಿಡಿದು ನುಂಗಿಬಿಡುತ್ತೆ. ಇನ್ನೂ ಜಾಸ್ತಿ ದಿನ ತಣ್ಣಗಿಟ್ರೆ ಸಯಾಲಿಕ್ ಆಸಿಡ್ ಅನ್ನೋ ಹೊರತುದೀನೂ ಉದುರಿ, ಆಗ ಲಿವರ್ ಜೀವಕೋಶಗಳೇ ಬೇರೊಂದು ರಿಸೆಪ್ಟರಿಂದ ಹಿಡಿದು ತೆಗೀತವೆ. ಸರಿ, ಸಕ್ಕರೆ ತುದಿ ಮುಚ್ಚಿಬಿಟ್ರೆ ಫ್ರಿಡ್ಜಲ್ಲೇ ಇಡಬಹುದಲ್ಲ ಅಂತ ಗ್ಯಾಲಕ್ಟೋಸ್ ಅಂಟಿಸೋಕೂ ನೋಡಿದ್ರು, ಇಲಿಯಲ್ಲಿ ಕೆಲಸ ಮಾಡ್ತು, ಮನುಷ್ಯರಲ್ಲಿ ಉಪಯೋಗ ಆಗ್ಲಿಲ್ಲ.

ಈಗ ನಿನ್ನ ಪ್ರಶ್ನೆ, ರಕ್ತ ನಿಲ್ಸುತ್ತಾ ಅನ್ನೋದು. ನಿಲ್ಸುತ್ತೆ! ಲ್ಯಾಬಲ್ಲಿ ನೋಡಿದ್ರೆ ತಣ್ಣಗಿಟ್ಟಿದ್ದೇ ಬೇಗ ಅಂಟುತ್ತೆ, ಅರ್ಧ ಆಗ್ಲೇ ಕೆಣಕಿಟ್ಟ ಸ್ಥಿತೀಲಿರುತ್ತೆ ಅದು. ಆದ್ರೆ ಬೇಗ ಹೊರಟೋಗುತ್ತೆ. ಈ ಅಕ್ಕನ ತಮ್ಮನ ಥರದವ್ರಿಗೆ ಮಜ್ಜೆಯಲ್ಲಿ ಹೊಸದು ಹುಟ್ಟೋವರೆಗೆ ದಿನಗಟ್ಲೆ ಕಾವಲು ಬೇಕು, ಅವ್ರಿಗೆ ಹೊರಗಿಟ್ಟಿದ್ದೇ ಸರಿ. ಅದೇ ಆಕ್ಸಿಡೆಂಟಾಗಿ ರಕ್ತ ಸುರೀತಿರೋನಿಗೆ ನಾಳಿದ್ದಿನ ಕೌಂಟ್ ಕಟ್ಕೊಂಡು ಏನಾಗ್ಬೇಕು?

ಅರಿವಳಿಕೆ
ಕೊನೇ ವಾಕ್ಯಕ್ಕೆ ಪೂರ್ತಿ ಸಹಮತ. ಆಪರೇಷನ್ ಥಿಯೇಟರಲ್ಲಿ ನಿಂತು ನೋಡೋ ನಮಗೆ ಬೇಕಾಗಿರೋದು ಮುಂದಿನ ಎರಡು ಮೂರು ಗಂಟೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ರಕ್ತ ಸುರೀತಿರೋ ರೋಗಿಗಳಿಗೆ 3 ದಿನದವರೆಗೆ ತಣ್ಣಗಿಟ್ಟ ಪ್ಲೇಟ್‌ಲೆಟ್ಟಿಗೆ ದಾರಿ ಬಿಟ್ಟಿತ್ತು, ಅಲ್ಲಾಡಿಸೋ ಅಗತ್ಯಾನೂ ಇಲ್ಲ ಅಂತ. 2023ರಲ್ಲಿ ಅದನ್ನ 14 ದಿನಕ್ಕೆ ಏರಿಸಿದ್ರು, ಮಾಮೂಲಿ ಪ್ಲೇಟ್‌ಲೆಟ್ ಸಿಗದೇ ಇದ್ದಾಗ, ಇಲ್ಲಾ ಬಳಸೋಕೆ ಅನುಕೂಲ ಇಲ್ದೇ ಇದ್ದಾಗ ಮಾತ್ರ ಅಂತ ಷರತ್ತು ಹಾಕಿ. ನಾರ್ವೇಯಲ್ಲಿ ಹೃದಯದ ಆಪರೇಷನ್ ರೋಗಿಗಳಲ್ಲಿ 14 ದಿನದವರೆಗಿನದನ್ನ ಬಳಸಿ ನೋಡಿದ್ದಾರೆ, ಕೆಲಸ ಮಾಡ್ತು. 5 ದಿನದ ವಸ್ತು 14 ದಿನ ಉಳೀತು ಅಂದ್ರೆ ದೂರದ ಸಣ್ಣ ಆಸ್ಪತ್ರೆಗಳಿಗೂ ಒಂದು ಬ್ಯಾಗ್ ಇಟ್ಕೊಳೋಕಾಗುತ್ತೆ.

ಪಿಜಿ_ಪರದಾಟ
ಸರ್, ನಾರ್ವೇದು ಸಣ್ಣ ಸ್ಟಡಿ. 14ನೇ ದಿನದ್ದೂ ಮೊದಲನೇ ದಿನದಷ್ಟೇ ಚೆನ್ನಾಗಿರುತ್ತೆ ಅಂತ ಅದರಿಂದ ಹೇಳೋಕಾಗಲ್ಲ. ದಿನ ಕಳೆದಂಗೆ ತಣ್ಣಗಿಟ್ಟಿದ್ದರ ಕಸುವೂ ಇಳಿಯುತ್ತೆ. ಆಮೇಲೆ ಅರ್ಧ ಕೆಣಕಿಟ್ಟ ಪ್ಲೇಟ್‌ಲೆಟ್ ಅಂದ್ರೆ ಬೇಡದ ಕಡೆ ಹೆಪ್ಪುಗಟ್ಟುತ್ತಾ ಅನ್ನೋ ಪ್ರಶ್ನೆ ಇದ್ದೇ ಇದೆ.

ಅರಿವಳಿಕೆ
ಒಪ್ಕೊಂಡೆ. ಆದ್ರೆ ಆ ಷರತ್ತನ್ನ ಇನ್ನೊಂದ್ಸಲ ಓದು ಮಹರಾಯ, "ಸಿಗದೇ ಇದ್ದಾಗ". ನನ್ನೆದುರಿಗಿರೋ ಆಯ್ಕೆ ಹೊಸ ಪ್ಲೇಟ್‌ಲೆಟ್ಟಾ ಹಳೇದಾ ಅನ್ನೋದಲ್ಲ, ಪ್ಲೇಟ್‌ಲೆಟ್ ಇದೆಯಾ ಇಲ್ವಾ ಅನ್ನೋದು.

ತರಲೆತಮ್ಮ
ಅಷ್ಟೊಂದು ಕಷ್ಟ ಯಾಕೆ, ಡೀಪ್ ಫ್ರೀಜ್ ಮಾಡಿ ವರ್ಷಗಟ್ಲೆ ಇಟ್ಬಿಡಿ ಗುರು 😄

ಪಿಜಿ_ಪರದಾಟ
ಅದನ್ನೂ ಮಾಡ್ತಾರೆ! ಡಿಎಂಎಸ್‌ಒ ಅನ್ನೋ ರಾಸಾಯನಿಕ 5-6 ಪರ್ಸೆಂಟ್ ಸೇರಿಸಿ ಮೈನಸ್ 80 ಡಿಗ್ರಿಲಿ ಇಟ್ರೆ 2 ವರ್ಷವೂ ಇಡಬಹುದು, ನೆದರ್ಲೆಂಡ್ಸ್ ಸೇನೆ ಯುದ್ಧಭೂಮೀಲಿ ಬಳಸಿದೆ. ಆದ್ರೆ ಕರಗಿಸಿ ತೆಗೆದಾಗ ಒಂದಷ್ಟು ಸತ್ತೇ ಹೋಗಿರುತ್ತೆ, ಉಳಿದಿದ್ದೂ ತುಂಬಾ ಹೊತ್ತು ಸುತ್ತಾಡಲ್ಲ, ಕರಗಿಸಿದ್ಮೇಲೆ ಕೆಲವೇ ಗಂಟೇಲಿ ಹಾಕ್ಬೇಕು. ಅದೂ ರಕ್ತ ನಿಲ್ಲಿಸೋಕೇ ಹೊರತು ಕೌಂಟ್ ಏರಿಸೋಕಲ್ಲ.

ಮಳೆಬಿಲ್ಲು
ತುಂಬಾ ಚೆನ್ನಾಗಿ ಅರ್ಥ ಆಗ್ತಿದೆ, ಥ್ಯಾಂಕ್ಸ್. ನನ್ನ ಎರಡನೇ ಡೌಟು ಹಾಗೇ ಉಳೀತು ನೋಡಿ. ನಾಲ್ಕನೇ ದಿನದ ಬ್ಯಾಗಿಂದಾನೇ ಕೌಂಟ್ ಏರ್ಲಿಲ್ವಾ?

ಪಿಜಿ_ಪರದಾಟ
ಮೊದಲು ನೀವು ಹೇಳಿ ಅಕ್ಕ. ಹಾಕಿ ಎಷ್ಟು ಹೊತ್ತಾದ್ಮೇಲೆ ಕೌಂಟ್ ನೋಡಿದ್ರು? ಅವತ್ತು ಜ್ವರ ಇತ್ತಾ? ಸ್ಪ್ಲೀನ್, ಅಂದ್ರೆ ಗುಲ್ಮ, ದೊಡ್ಡದಾಗಿದೆ ಅಂತ ಏನಾದ್ರೂ ಹೇಳಿದ್ರಾ? ಕೊಟ್ಟಿದ್ದು ಸಿಂಗಲ್ ಡೋನರ್ ಬ್ಯಾಗಾ ಇಲ್ಲಾ ಸಣ್ಣ ಸಣ್ಣದಾ?

ಮಳೆಬಿಲ್ಲು
ಸಾಯಂಕಾಲ ಹಾಕಿದ್ದು, ಕೌಂಟ್ ಮಾರನೇ ದಿನ ಬೆಳಗ್ಗೆ ಮಾಮೂಲಿ ರಕ್ತ ತೆಗೆಯೋವಾಗಲೇ ನೋಡಿದ್ದು. ಜ್ವರ ಇತ್ತು, ಆ್ಯಂಟಿಬಯೋಟಿಕ್ ನಡೀತಿತ್ತು. ಸ್ಪ್ಲೀನ್ ಬಗ್ಗೆ ಗೊತ್ತಿಲ್ಲ. ಸಣ್ಣ ಬ್ಯಾಗು 4.

ಪಿಜಿ_ಪರದಾಟ
ಸರಿ, ಅರ್ಧ ಉತ್ತರ ಇಲ್ಲೇ ಇದೆ. ಒಂದೊಂದಾಗಿ ಹೇಳ್ತೀನಿ, ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಒಬ್ಬರ ಒಂದು ಬಾಟಲಿ ರಕ್ತದಿಂದ ಬೇರ್ಪಡಿಸಿದ ಸಣ್ಣ ಬ್ಯಾಗ್ ಒಂದು ಹಾಕಿದ್ರೆ ದೊಡ್ಡವರಲ್ಲಿ ಸುಮಾರು 5 ರಿಂದ 10 ಸಾವಿರ ಏರ್ಬೇಕು, ಮೆಷಿನ್ನಿಗೆ ಕೂರಿಸಿ ಒಬ್ಬರಿಂದಲೇ ತೆಗೆದ ದೊಡ್ಡ ಬ್ಯಾಗಾದ್ರೆ 30 ಸಾವಿರದಿಂದ ಮೇಲೆ. ಇದು ಜ್ವರ ಗಿರ ಏನೂ ಇಲ್ದೇ ಇರೋರ ಲೆಕ್ಕ. ಹಾಕಿದ್ದರಲ್ಲಿ ಮೂರನೇ ಒಂದು ಪಾಲು ಎಲ್ರಿಗೂ ಸ್ಪ್ಲೀನಲ್ಲೇ ಹೋಗಿ ಕೂರುತ್ತೆ. ಸ್ಪ್ಲೀನ್ ದೊಡ್ಡದಾಗಿದ್ರೆ ಇನ್ನೂ ಜಾಸ್ತಿ. ಜ್ವರ, ಸೋಂಕು, ಕೆಲವು ಆ್ಯಂಟಿಬಯೋಟಿಕ್, ಕೆಲವು ಫಂಗಸ್ ಔಷಧಿ ಇವೆಲ್ಲಾ ಹಾಕಿದ್ದನ್ನ ಬೇಗ ಖರ್ಚು ಮಾಡಿಬಿಡ್ತವೆ. ನಿಮ್ಮ ತಮ್ಮನಿಗೆ ಜ್ವರ ಇತ್ತು ಅಂದ್ರಲ್ಲ, ನನ್ನ ಮೊದಲ ಅನುಮಾನ ಅದರ ಮೇಲೆ, ಬ್ಯಾಗಿನ ಮೇಲಲ್ಲ.

ಬ್ಯಾಗ್ ಹಳೇದಾದಷ್ಟೂ ಏರಿಕೆ ಕಮ್ಮಿ ಅನ್ನೋದು ನಿಜಾನೇ. ಇಟ್ಟಷ್ಟೂ ದಿನ ಪ್ಲೇಟ್‌ಲೆಟ್ ಮೈಮೇಲೆ ಪಿ-ಸೆಲೆಕ್ಟಿನ್ ಅಂತ ಗುರುತು ಮೂಡುತ್ತೆ, ಪೊರೆ ಒಳಹೊರಗಾಗುತ್ತೆ, ಚೂರು ಚೂರು ಕಳಚುತ್ತೆ, ಸ್ಟೋರೇಜ್ ಲೀಷನ್ ಅಂತಾರೆ. ದೇಹದೊಳಗೇ ಪ್ಲೇಟ್‌ಲೆಟ್ ಬದುಕೋದು 8-10 ದಿನ, 5 ದಿನ ಬ್ಯಾಗಲ್ಲೇ ಕಳೆದ್ರೆ ಉಳಿಯೋದೇನು ಹೇಳಿ. ಆದ್ರೆ ಕೌಂಟ್ ಏರೋದೇ ಬೇರೆ, ರಕ್ತ ಸೋರದೇ ಇರೋದೇ ಬೇರೆ. ಪ್ಲಾಡೋ ಅಂತ ಒಂದು ದೊಡ್ಡ ಟ್ರಯಲ್ 2010ರಲ್ಲಿ ಬಂತು, ಕಮ್ಮಿ ಡೋಸ್, ಮಾಮೂಲಿ ಡೋಸ್, ಜಾಸ್ತಿ ಡೋಸ್ ಅಂತ ಮೂರು ಗುಂಪು, ರಕ್ತಸ್ರಾವ ಮೂರರಲ್ಲೂ ಒಂದೇ. ಅದೇ ಮಾಹಿತೀನ ಇನ್ನೊಂದು ಕೋನದಿಂದ ನೋಡಿ 2012ರಲ್ಲಿ ಬರೆದ್ರು, ಹೊಸ ಬ್ಯಾಗಿಗೂ 5 ದಿನದೊಳಗಿನ ಹಳೇ ಬ್ಯಾಗಿಗೂ ಏರಿಕೆಯಲ್ಲಿ ವ್ಯತ್ಯಾಸ ಇತ್ತು, ರಕ್ತಸ್ರಾವದಲ್ಲಿ ಇರ್ಲಿಲ್ಲ. ಹಾಗಾಗಿ "ಹಳೇದು ಹಾಕಿ ಮೋಸ ಮಾಡಿದ್ರು" ಅಂತ ಮನೇಲಿ ಕೊರಗೋದು ಬೇಡ.

ಒಂದು ಕೆಲಸ ಮಾಡ್ಬಹುದು. ಮುಂದಿನ ಸಲ ಹಾಕಿ ಮುಗಿದ 10 ನಿಮಿಷದಿಂದ 1 ಗಂಟೆ ಒಳಗೆ ಒಂದು ಕೌಂಟ್, ಮಾರನೇ ದಿನ ಇನ್ನೊಂದು ನೋಡಕ್ಕಾಗುತ್ತಾ ಅಂತ ಡಾಕ್ಟ್ರನ್ನ ಕೇಳಿ. ಮೊದಲನೇದು ಚೆನ್ನಾಗಿ ಏರಿ ಬೆಳಗ್ಗೆ ಹೊತ್ತಿಗೆ ಇಳಿದಿದ್ರೆ ಜ್ವರ ಸೋಂಕಿನ ಕಡೆ ಬೆರಳು. ಮೊದಲನೇದೇ ಏರ್ಲಿಲ್ಲ, ಅದೂ ಎರಡು ಸಲ ಹಂಗೇ ಆಯ್ತು ಅಂದ್ರೆ ದೇಹದಲ್ಲಿ ಎಚ್‌ಎಲ್‌ಎ (ಕಣಗಳ ಮೇಲಿರೋ, ಒಬ್ಬೊಬ್ಬರಿಗೂ ಬೇರೆ ಬೇರೆ ಇರೋ ಗುರುತು) ವಿರುದ್ಧ ಆ್ಯಂಟಿಬಾಡಿ ಹುಟ್ಟಿರಬಹುದು, ಆಗ ಹೊಂದೋ ಡೋನರನ್ನೇ ಹುಡುಕ್ಬೇಕು, ಸುಮ್ನೆ ಬ್ಯಾಗ್ ಮೇಲೆ ಬ್ಯಾಗ್ ಹಾಕಿದ್ರೆ ಪ್ರಯೋಜನ ಇಲ್ಲ.

ಸಿಸ್ಟರ್_ಡೈರಿ
ಆ ಆ್ಯಂಟಿಬಾಡಿ ವಿಷ್ಯಕ್ಕೆ ಸೇರಿಸ್ತೀನಿ, ಲ್ಯೂಕೋರೆಡ್ಯೂಸ್ಡ್ ಅಂತ ಬ್ಯಾಗ್ ಮೇಲೆ ಬರೆದಿದೆಯಾ ನೋಡಿ ಅಕ್ಕ. ಪದೇ ಪದೇ ಹಾಕಿಸ್ಕೊಳೋರಿಗೆ ಅದು ಮುಖ್ಯ.

ರಾತ್ರಿಪಾಳಿ
ಹೌದು. ಬಿಳಿ ರಕ್ತಕಣ ಸೋಸಿ ತೆಗೆಯೋದು. ಟ್ರ್ಯಾಪ್ ಅನ್ನೋ ಟ್ರಯಲ್ 1997ರಲ್ಲಿ, ಲುಕೇಮಿಯಾ ರೋಗಿಗಳಲ್ಲೇ ಮಾಡಿದ್ದು. ಸೋಸದೇ ಇರೋದು ಹಾಕಿಸ್ಕೊಂಡವರಲ್ಲಿ 45 ಪರ್ಸೆಂಟ್ ಜನಕ್ಕೆ ಆ್ಯಂಟಿಬಾಡಿ ಬಂತು, ಸೋಸಿದ್ದು ಇಲ್ಲಾ ಯುವಿ ಬೆಳಕಿಗೆ ಒಡ್ಡಿದ್ದು ಹಾಕಿಸ್ಕೊಂಡವರಲ್ಲಿ 17 ರಿಂದ 21.

ಇನ್ನೊಂದು ಸೂಕ್ಷ್ಮ ಇದೆ, ಸೋಸೋದು ಯಾವಾಗ ಅನ್ನೋದು. ಹಾಸಿಗೆ ಪಕ್ಕ ಫಿಲ್ಟರ್ ಹಾಕಿ ಸೋಸಿದ್ರೆ ತಡವಾಯ್ತು, ಯಾಕಂದ್ರೆ 22 ಡಿಗ್ರಿಲಿ ಬಿಳಿ ಕಣಗಳು ನಾಲ್ಕೈದು ದಿನ ಕೂತು ಸೈಟೊಕೈನ್ ಅನ್ನೋ ಉರಿಯೂತದ ವಸ್ತು ಬಿಡ್ತಾನೇ ಇರ್ತವೆ, ಅದು ಫಿಲ್ಟರಲ್ಲಿ ಸಿಗಲ್ಲ, ಚಳಿ ಜ್ವರ ಬರಿಸೋದೇ ಅದು. 1994ರಲ್ಲಿ ಬ್ಯಾಗಿನ ಪ್ಲಾಸ್ಮಾನೂ ಕಣಗಳನ್ನೂ ಬೇರೆ ಮಾಡಿ ಒಂದೊಂದನ್ನೇ ರೋಗಿಗಳಿಗೆ ಕೊಟ್ಟು ನೋಡಿದಾಗ, ಜಾಸ್ತಿ ರಿಯಾಕ್ಷನ್ ಬಂದಿದ್ದು ಪ್ಲಾಸ್ಮಾ ಭಾಗಕ್ಕೇ. ಹಾಗಾಗಿ ತಯಾರು ಮಾಡೋ ಹೊತ್ತಲ್ಲೇ, ಶೇಖರಣೆಗೆ ಮುಂಚೇನೇ ಸೋಸಿಬಿಡೋದು ಒಳ್ಳೇದು.

ಮಳೆಬಿಲ್ಲು
ಅವನಿಗೆ ಒಂದ್ಸಲ ಮೈಯೆಲ್ಲಾ ದದ್ದು ಎದ್ದು ಕೆರೆತ ಬಂದಿತ್ತು. ಅದೂ ಇದೇನಾ?

ರಾತ್ರಿಪಾಳಿ
ಅದು ಬಹುಶಃ ಅಲರ್ಜಿ, ಡೋನರ್ ಪ್ಲಾಸ್ಮಾದಲ್ಲಿರೋ ಪ್ರೋಟೀನಿಗೆ. ಪದೇ ಪದೇ ಆಗ್ತಿದ್ರೆ ಪ್ಲೇಟ್‌ಲೆಟ್ ಅಡಿಟಿವ್ ಸಲ್ಯೂಷನ್, ಪಾಸ್ ಅಂತೀವಿ, ಅದರಲ್ಲಿ ಇಟ್ಟ ಬ್ಯಾಗ್ ಸಿಗುತ್ತಾ ಕೇಳಿ. ಮೂರನೇ ಎರಡು ಭಾಗದಷ್ಟು ಪ್ಲಾಸ್ಮಾ ತೆಗೆದು ಅದರ ಬದಲು ಅಸಿಟೇಟ್ ಎಲ್ಲಾ ಇರೋ ಉಪ್ಪುನೀರು ಹಾಕಿರ್ತಾರೆ, ಪ್ಲೇಟ್‌ಲೆಟ್ ಆ ಅಸಿಟೇಟನ್ನೇ ಉರಿಸ್ಕೊಂಡು ಬದುಕುತ್ತೆ. ದದ್ದು ಕಮ್ಮಿ ಆಗುತ್ತೆ. ಏರಿಕೆ ಒಂಚೂರು ಕಮ್ಮಿ ಬರಬಹುದು, ಅದಕ್ಕೆ ಮತ್ತೆ ಗಾಬರಿ ಆಗ್ಬೇಡಿ.

ತರಲೆತಮ್ಮ
ನಾನು ಸೀರಿಯಸ್ಸಾಗೇ ಕೇಳ್ತಿದೀನಿ ಈಗ. 22 ಡಿಗ್ರಿ, ಗ್ಲೂಕೋಸು, ಪ್ರೋಟೀನು, ಮೇಲಿಂದ ಆಕ್ಸಿಜನ್ನು, ಅದೂ ಅಲ್ಲಾಡಿಸ್ತಾ. ಬ್ಯಾಕ್ಟೀರಿಯಾ ಬೆಳೆಸೋಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ರಾತ್ರಿಪಾಳಿ
ಬೇಡ. ನಿಂಗೆ ಗೊತ್ತಾಗಿದ್ದು ಅಮೆರಿಕದವ್ರಿಗೆ ಎರಡು ವರ್ಷಕ್ಕೆ ಗೊತ್ತಾಯ್ತು. ಹೊಸ ಥರದ ಬ್ಯಾಗ್ ಬಂದ್ಮೇಲೆ ಪ್ಲೇಟ್‌ಲೆಟ್ 7 ದಿನ ಚೆನ್ನಾಗಿ ಇರುತ್ತೆ ಅಂತ 1984ರಲ್ಲಿ ಅವಧಿ 7 ದಿನ ಮಾಡಿದ್ರು, 1986ರಲ್ಲಿ ವಾಪಸ್ 5ಕ್ಕೆ ಇಳಿಸಿದ್ರು. ಪ್ಲೇಟ್‌ಲೆಟ್ ಕೆಡ್ತು ಅಂತಲ್ಲ, ಬ್ಯಾಕ್ಟೀರಿಯಾ ಬೆಳೀತು ಅಂತ. ಇವತ್ತಿಗೂ ಬ್ಯಾಗ್ ಮೇಲೆ 5 ದಿನ ಅಂತ ಇರೋದು ಹೆಚ್ಚಾಗಿ ಅದಕ್ಕೇ.

ಎಲ್ಲಿಂದ ಬರುತ್ತೆ ಅಂದ್ರೆ ಜಾಸ್ತಿ ಡೋನರ್ ಚರ್ಮದಿಂದ. ಸೂಜಿ ಚುಚ್ಚಿದಾಗ ಅಕ್ಕಿಕಾಳಿಗಿಂತ ಸಣ್ಣ ಚರ್ಮದ ಚೂರು ಸೂಜಿಯೊಳಗೆ ಹೋಗುತ್ತೆ, ಎಷ್ಟೇ ಉಜ್ಜಿ ಒರೆಸಿದ್ರೂ ಚರ್ಮದ ಒಳಪದರದಲ್ಲಿ ಇರೋದು ಇದ್ದೇ ಇರುತ್ತೆ. ಅದಕ್ಕೆ ಮೊದಲು ಬರೋ 30-40 ಎಂಎಲ್ ರಕ್ತಾನ ಪಕ್ಕದ ಸಣ್ಣ ಚೀಲಕ್ಕೆ ಬಿಡ್ತೀವಿ, ಟೆಸ್ಟಿಗೆ ಬೇಕಾದ ರಕ್ತಾನೂ ಅದರಿಂದಲೇ ತಗೊಳ್ತೀವಿ. ಚಿಕ್ಕ ಉಪಾಯ, ದೊಡ್ಡ ಲಾಭ.

ಪಿಜಿ_ಪರದಾಟ
ಅದರ ಮೇಲೆ ಕಲ್ಚರ್, ಅಂದ್ರೆ ಒಂಚೂರು ತೆಗೆದು ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಟೆಸ್ಟು. ಇಲ್ಲೊಂದು ಸಿಕ್ಕು ಇದೆ. ಬ್ಯಾಗಿಗೆ ಮೊದಲು ಬೀಳೋದು ಕೆಲವೇ ಕೆಲವು ಬ್ಯಾಕ್ಟೀರಿಯಾ, ಇನ್ನೂರು ಮುನ್ನೂರು ಎಂಎಲ್ ಬ್ಯಾಗಲ್ಲಿ ಹತ್ತೇ ಇದ್ರೆ ನೀವು ಮೊದಲ ದಿನವೇ 8 ಎಂಎಲ್ ತೆಗೆದು ಟೆಸ್ಟ್ ಮಾಡಿದ್ರೆ ಆ 8ರಲ್ಲಿ ಒಂದೂ ಇಲ್ದೇ ಇರಬಹುದು, ನೆಗೆಟಿವ್ ಅಂತ ಬರುತ್ತೆ, ಮೂರನೇ ದಿನಕ್ಕೆ ಕೋಟಿಗಟ್ಲೆ ಆಗಿರುತ್ತೆ. ಹಾಗಾಗಿ ಈಗ ಬೆಳೆಯೋಕೆ ಟೈಮ್ ಕೊಟ್ಟು 36 ಗಂಟೆ ಆದ್ಮೇಲೆ, ಕಮ್ಮಿ ಅಂದ್ರೆ 16 ಎಂಎಲ್ ತೆಗೆದು, ಗಾಳಿ ಇರೋ ಬಾಟಲಿಗೂ ಗಾಳಿ ಇಲ್ಲದ ಬಾಟಲಿಗೂ ಹಾಕೋ ಪದ್ಧತಿ ಅಮೆರಿಕದಲ್ಲಿದೆ, 48 ಗಂಟೆ ಕಾದು ತೆಗೆದ್ರೆ 7 ದಿನದವರೆಗೆ ಇಡಬಹುದು. ಬ್ರಿಟನ್ನಲ್ಲಿ 2011ರಿಂದ ಎಲ್ಲಾ ಪ್ಲೇಟ್‌ಲೆಟ್ಟಿಗೂ ಕಲ್ಚರ್ ಮಾಡ್ತಾರೆ, ಅಲ್ಲೂ 7 ದಿನ. ಆದ್ರೆ ಲೆಕ್ಕ ಹಾಕಿ, 36 ಗಂಟೆ ಕಾಯೋದು, ಆಮೇಲೆ ಬಾಟಲಿ ಇಟ್ಟು 12 ಗಂಟೆ ನೋಡೋದು, ಎರಡು ದಿನ ಅಲ್ಲೇ ಹೋಯ್ತು. 5 ದಿನದ್ದಾದ್ರೆ ಕೈಗೆ ಸಿಗೋದು 3 ದಿನ.

ಅರಿವಳಿಕೆ
ತಣ್ಣಗಿಟ್ಟ ಪ್ಲೇಟ್‌ಲೆಟ್ಟಲ್ಲಿ ಈ ತಲೆನೋವೇ ಬಹುಪಾಲು ಇಲ್ಲ ಅಂತ ನೆನಪಿಸ್ತೀನಿ ಅಷ್ಟೇ 🙂 4 ಡಿಗ್ರಿಲಿ ಚರ್ಮದ ಬ್ಯಾಕ್ಟೀರಿಯಾ ಬೆಳೆಯಲ್ಲ.

ಪಿಜಿ_ಪರದಾಟ
ಒಪ್ತೀನಿ ಸರ್, ಬಹುಪಾಲು. ಚಳೀಲೂ ಬೆಳೆಯೋ ಜಾತಿಗಳು ಇವೆ, ಕಮ್ಮಿ.

ಇನ್ನೊಂದು ದಾರಿ ಪ್ಯಾಥೋಜನ್ ರಿಡಕ್ಷನ್. ಅಮೋಟೊಸಾಲೆನ್ ಅನ್ನೋ ವಸ್ತು ಸೇರಿಸಿ ಯುವಿ-ಎ ಬೆಳಕು, ಇಲ್ಲಾ ರೈಬೊಫ್ಲಾವಿನ್ ಅಂದ್ರೆ ಬಿ2 ವಿಟಮಿನ್ ಸೇರಿಸಿ ಯುವಿ. ಎರಡೂ ಡಿಎನ್‌ಎ ಆರ್‌ಎನ್‌ಎಗೆ ಪೆಟ್ಟು ಕೊಡ್ತವೆ, ಪ್ಲೇಟ್‌ಲೆಟ್ಟಿಗೆ ನ್ಯೂಕ್ಲಿಯಸ್ಸೇ ಇಲ್ಲ, ಹಾಗಾಗಿ ಅದಕ್ಕೆ ಅಷ್ಟು ಪೆಟ್ಟಿಲ್ಲ. ಬ್ಯಾಕ್ಟೀರಿಯಾ, ತುಂಬಾ ವೈರಸ್, ಜೊತೆಗೆ ಉಳಿದ ಬಿಳಿ ಕಣಗಳೂ ಸುಮ್ಮನಾಗ್ತವೆ, ಅವಕ್ಕೆ ಅಂತ ಬೇರೆ ಇರ್ರೇಡಿಯೇಷನ್ (ವಿಕಿರಣ ಹಾಯಿಸೋದು) ಬೇಕಾಗಲ್ಲ. ಆದ್ರೆ ಇದೂ ಪುಕ್ಕಟೆ ಅಲ್ಲ, ಕೌಂಟ್ ಏರಿಕೆ ಕಮ್ಮಿ, ಅದರಿಂದ ಬ್ಯಾಗ್ ಜಾಸ್ತಿ ಬೇಕಾಗುತ್ತೆ, ದೊಡ್ಡ ರಕ್ತಸ್ರಾವದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಂಡಿಲ್ಲ. ಬ್ಯಾಕ್ಟೀರಿಯಾದ ಸ್ಪೋರ್, ಹೆಪಟೈಟಿಸ್-ಎ ಥರದ ಕವಚ ಇಲ್ಲದ ವೈರಸ್ ಇವಕ್ಕೆ ಇದು ಸರಿಯಾಗಿ ನಾಟಲ್ಲ. ಟ್ರೀಟ್ ಮಾಡಿದ್ಮೇಲೆ ಬ್ಯಾಗಲ್ಲಿ ಕಣ್ಣಿಗೆ ಕಾಣದ ತೂತು ಬಿದ್ರೆ ಹೊರಗಿಂದ ಹೊಸದು ಒಳಗೆ ಹೋಗೋದನ್ನೂ ಇದು ತಡೆಯಲ್ಲ, ಅಂಥಾ ಕೇಸು ಅಮೆರಿಕದಲ್ಲಿ ಆಗಿವೆ.

ಸಿಸ್ಟರ್_ಡೈರಿ
ವಾರ್ಡಲ್ಲಿ ನಿಮ್ಗೆ ಕಾಣೋದು ಇಷ್ಟೇ ಅಕ್ಕ, ಹಾಕ್ತಿರೋವಾಗ ಗಡಗಡ ನಡುಕ, ಜ್ವರ, ಬಿಪಿ ಬೀಳೋದು, ಉಸಿರು ಕಟ್ಟೋದು. ಸಾದಾ ಜ್ವರಾನೋ ಬ್ಯಾಕ್ಟೀರಿಯಾನೋ ನೋಡಿದ ತಕ್ಷಣ ಯಾರಿಗೂ ಗೊತ್ತಾಗಲ್ಲ. ನಡುಕ ಬಂತಾ, ನಮ್ಮನ್ನ ಕೂಗಿ, ನಾವು ಮೊದಲು ನಿಲ್ಲಿಸ್ತೀವಿ, ಡಾಕ್ಟ್ರನ್ನ ಕರೀತೀವಿ, ರೋಗಿಯಿಂದ ಕಲ್ಚರಿಗೆ ರಕ್ತ ತೆಗೀತೀವಿ, ಬ್ಯಾಗನ್ನ ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಕಳಿಸ್ತೀವಿ. ಖಾಲಿ ಬ್ಯಾಗ್ ಅಂತ ಕಸಕ್ಕೆ ಹಾಕೋಕೆ ಬಿಡ್ಬೇಡಿ. ಕೀಮೋದವ್ರಿಗೆ ಜ್ವರ ಮೊದಲೇ ಇರೋದ್ರಿಂದ "ಅದೇ ಜ್ವರ ಇರ್ಬೇಕು" ಅಂತ ಕಡೆಗಣಿಸೋದು ಜಾಸ್ತಿ, ಹಾಕೋ ಮುಂಚಿನ ಟೆಂಪರೇಚರ್ ಬರೆದಿಟ್ಕೊಂಡಿದ್ರೆ ನಿಮ್ಗೂ ನಮ್ಗೂ ಅನುಕೂಲ.

ಓ_ನೆಗೆಟಿವ್_ಗುರು
ನಡುವೆ ಬಾಯಿ ಹಾಕ್ತಿದೀನಿ. ಡೆಂಗ್ಯೂ ಬಂದಾಗ ಕೌಂಟ್ 20 ಸಾವಿರಕ್ಕೆ ಇಳೀತು ಅಂತ ಎಲ್ರೂ ಪ್ಲೇಟ್‌ಲೆಟ್ಟಿಗೆ ಓಡ್ತಾರಲ್ಲ, ಅವ್ರಿಗೆ ಯಾವ ಥರದ ಬ್ಯಾಗ್ ಒಳ್ಳೇದು?

ಪಿಜಿ_ಪರದಾಟ
ರಕ್ತ ಬರ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಯಾವ ಥರದ್ದೂ ಬೇಡ. 2017ರಲ್ಲಿ ಸಿಂಗಾಪುರ, ಮಲೇಷ್ಯಾದಲ್ಲಿ ದೊಡ್ಡವರ ಮೇಲೆ ಮಾಡಿದ ಟ್ರಯಲಲ್ಲಿ 20 ಸಾವಿರ ಇಲ್ಲಾ ಅದಕ್ಕಿಂತ ಕಮ್ಮಿ ಇದ್ದು ರಕ್ತ ಬರದೇ ಇದ್ದೋರಿಗೆ ಮುಂಜಾಗ್ರತೆಗೆ ಅಂತ ಹಾಕಿದ್ರಿಂದ ರಕ್ತಸ್ರಾವ ತಡೆಯೋಕಾಗ್ಲಿಲ್ಲ, ರಿಯಾಕ್ಷನ್ ಮಾತ್ರ ಜಾಸ್ತಿ ಆಯ್ತು. ಲುಕೇಮಿಯಾ ಲೆಕ್ಕ ಬೇರೆ, ಅಲ್ಲಿ 10 ಸಾವಿರಕ್ಕಿಂತ ಕೆಳಗೆ ಹೋದ್ರೆ ರಕ್ತ ಬರದೇ ಇದ್ರೂ ಹಾಕ್ತಾರೆ. ಡೆಂಗ್ಯೂಗೆ ಬೇರೆ ಥ್ರೆಡ್ ಮಾಡೋಣ, ಇಲ್ಲಿ ಅಕ್ಕನ ಪ್ರಶ್ನೆ ಕಳೆದೋಗುತ್ತೆ.

ಮಳೆಬಿಲ್ಲು
ಇವತ್ತು ಡಾಕ್ಟ್ರ ಹತ್ರ ಮಾತಾಡಿದೆ. ಮುಂದಿನ ಸಲ ಒಂದು ಗಂಟೆ ಒಳಗಿನ ಕೌಂಟ್ ನೋಡೋಣ ಅಂದ್ರು, ಸ್ಕ್ಯಾನಲ್ಲಿ ಸ್ಪ್ಲೀನ್ ಸ್ವಲ್ಪ ದೊಡ್ಡದಿದೆಯಂತೆ. ಬ್ಯಾಗ್ ಸೋಸಿದ್ದೇ. ಇನ್ನೊಂದು ಕೇಳ್ಬೇಕಿತ್ತು, ಬೇರೆ ಬ್ಲಡ್ ಬ್ಯಾಂಕಿಂದ ನಾವೇ ತರ್ಬೇಕಾಗಿ ಬಂದ್ರೆ ದಾರೀಲಿ ಅಲ್ಲಾಡಿಸ್ತಾ ಇರ್ಬೇಕಾ? ಐಸ್ ಪ್ಯಾಕ್ ಇಡ್ಬೇಕಾ?

ರಾತ್ರಿಪಾಳಿ
ಐಸ್ ಬೇಡವೇ ಬೇಡ. ಬ್ಲಡ್ ಬ್ಯಾಂಕಿನವರು ಕೊಟ್ಟ ಡಬ್ಬಿಯಲ್ಲೇ ತನ್ನಿ, ರಕ್ತದ ಬ್ಯಾಗ್ ಜೊತೆ ಒಂದೇ ಡಬ್ಬಿಗೆ ಹಾಕಿಸ್ಕೋಬೇಡಿ, ರಕ್ತಕ್ಕೆ ಐಸ್ ಇಟ್ಟಿರ್ತಾರೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿ ಅದನ್ನ ಒಳಗೇ ಬಿಟ್ಟು ಹೋಗ್ಬೇಡಿ. ಅಲ್ಲಾಡಿಸೋದು ಒಂದೆರಡು ಗಂಟೆ ನಿಂತ್ರೆ ಏನೂ ಆಗಲ್ಲ, ಒಟ್ಟು 24 ಗಂಟೆವರೆಗೂ ತಡ್ಕೊಳುತ್ತೆ. ನೇರವಾಗಿ ವಾರ್ಡಿಗೆ ತಗೊಂಡೋಗಿ ಸಿಸ್ಟರ್ ಕೈಗೇ ಕೊಡಿ.

ಓ_ನೆಗೆಟಿವ್_ಗುರು
ನಾನು ಮೆಷಿನ್ ಡೊನೇಷನ್ ಕೊಡೋನು. ಅಕ್ಕನಿಗೆ ಬೇಕಾದ್ರೆ ಬರ್ತೀನಿ, ಗೆಳೆಯರೂ ನಾಲ್ಕು ಜನ ಇದಾರೆ. ಆದ್ರೆ ಮೊನ್ನೆ ಸೊಂಟನೋವಿಗೆ ಆಸ್ಪಿರಿನ್ ತಗೊಂಡೆ.

ರಾತ್ರಿಪಾಳಿ
ಆಸ್ಪಿರಿನ್ ತಗೊಂಡ ದಿನದ ಪ್ಲೇಟ್‌ಲೆಟ್ ಅದರ ಆಯಸ್ಸು ಮುಗಿಯೋವರೆಗೂ ಮಂಕಾಗೇ ಇರುತ್ತೆ, ನ್ಯೂಕ್ಲಿಯಸ್ ಇಲ್ದೇ ಇರೋದ್ರಿಂದ ಹೊಸ ಎನ್‌ಜೈಮ್ ಮಾಡ್ಕೊಳೋಕಾಗಲ್ಲ. ಕಮ್ಮಿ ಅಂದ್ರೆ 48 ಗಂಟೆ ಬಿಡ್ಬೇಕು ಅನ್ನೋದು ಒಂದು ನಿಯಮ, ಕೆಲವು ಕಡೆ ಇನ್ನೂ ಜಾಸ್ತಿ ಕೇಳ್ತಾರೆ, ಬರೋ ಮುಂಚೆ ಅಲ್ಲಿನವರಿಗೆ ಹೇಳಿ.

ಆಮೇಲೆ ಐದೂ ಜನ ಒಂದೇ ದಿನ ಬರ್ಬೇಡಿ ಗುರು. 5 ದಿನದ ವಸ್ತು, ಒಟ್ಟಿಗೆ ಕೊಟ್ರೆ ಎರಡು ಬಳಕೆಯಾಗಿ ಮೂರು ಎಕ್ಸ್‌ಪೈರ್ ಆಗುತ್ತೆ. ಅಕ್ಕ ಮೆಸೇಜ್ ಮಾಡ್ಲಿ, ಇಬ್ರು ಈ ವಾರ, ಉಳಿದೋರು ಮುಂದಿನ ವಾರ.

ಓ_ನೆಗೆಟಿವ್_ಗುರು
ಸರಿ. ಹಂಗಾದ್ರೆ ಆಸ್ಪಿರಿನ್ ಗಿರಾಕಿ ಮುಂದಿನ ವಾರದ ಲಿಸ್ಟಿಗೆ. ಅಕ್ಕ, ಇನ್‌ಬಾಕ್ಸ್ ನೋಡಿ.